ಗೇಟಿನಲ್ಲಿ ಬಾರದೇ ಹೋದ ಒಂದು ಗೆರೆ

ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಏಳೂವರೆ. ಕಾಕಾ ಫೋನ್ ಮಾಡಿದರು. "ಯವ್ವಾ, ಗೇಟಿನ್ಯಾಗ ಗಾಡಿ ನಿಲ್ಸ್ಯಾರ. ಉಚ್ಚಿ ತಗೊಂಡು ಏನೋ ಚೆಕ್ ಮಾಡಿದ್ರು. ನಾ ನಶಾ ಮಾಡೀನಿ ಅನ್ಲಾಕತ್ತಾರ. ನಾ ಏನೂ ತಗೊಂಡಿಲ್ಲ ಯವ್ವಾ, ದೇವ್ರಾಣಿ."

ಕಾಕಾ ಅಂದರೆ ರಕ್ತ ಸಂಬಂಧ ಅಲ್ಲ. ಅಪ್ಪನ ಹತ್ತಿರ 22 ವರ್ಷದಿಂದ ಲಾರಿ ಓಡಿಸುತ್ತಿರುವವರು. ಕಲಬುರಗಿಯ ಹುಮನಾಬಾದ್ ಬೇಸ್ ಹತ್ತಿರ ನಮ್ಮದೊಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸ್ ಇದೆ. ಆರು ಲಾರಿ, ಒಂಬತ್ತು ಜನ ಡ್ರೈವರ್. ಲೆಕ್ಕ, ಟ್ರಿಪ್ ಶೀಟ್, ಬತ್ತಾ, ಗಾಡಿ ಕಾಗದ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಸೇಡಂ ಕಡೆಯ ಸಿಮೆಂಟ್, ಹಂಗಾಮಿನಲ್ಲಿ ತೊಗರಿ ಬೇಳೆ, ಇವೇ ನಮ್ಮ ಲೋಡು. ಕಾಕಾ ಸೇಂದಿ ಮುಟ್ಟುವವರಲ್ಲ, ಬೀಡಿ ಕೂಡ ಬಿಟ್ಟು ಹತ್ತು ವರ್ಷ ಆಯಿತು. ಗುರುವಾರ ಊರಲ್ಲಿದ್ದರೆ ಬಂದಾನವಾಜ್ ದರ್ಗಾಕ್ಕೆ ಹೋಗಿ ಬರುತ್ತಾರೆ, ಅದೊಂದು ಬಿಟ್ಟರೆ ಮನೆ, ಗಾಡಿ, ರಸ್ತೆ.

ಅವರು ಹೋಗಿದ್ದ ಫ್ಯಾಕ್ಟರಿಯ ಹೆಸರು ಬೇಡ. ಅಲ್ಲಿ ಮೊದಲಿಂದಲೂ ಊದುವ ಮಷಿನ್ ಇತ್ತು, ಅದಕ್ಕೆ ಯಾವ ಡ್ರೈವರೂ ತಕರಾರು ಮಾಡಿಲ್ಲ. ಈಗ ಹೊಸದಾಗಿ ಪ್ಲಾಸ್ಟಿಕ್ ಕಪ್ಪು ಬಂದಿದೆ. ತಗಡಿನ ಶೆಡ್ ಹಿಂದೆ ನಿಂತು ಕಪ್ಪಿನಲ್ಲಿ ಮೂತ್ರ ಹಿಡಿದು ಕೊಡಬೇಕು. ಪಕ್ಕದಲ್ಲಿ ಸೆಕ್ಯೂರಿಟಿ ಹುಡುಗ ನಿಂತಿರುತ್ತಾನೆ, ಸಾಲಿನಲ್ಲಿರುವ ಕ್ಲೀನರ್ ಹುಡುಗರು ನೋಡಿ ನಗುತ್ತಿರುತ್ತಾರೆ. ಕಾಕಾಗೆ 56 ವರ್ಷ. ಶುಗರ್ ಬೇರೆ ಇದೆ.

ನಾನು ಕೇಳಿದ ಮೇಲೆ ಅವರು ಕಪ್ಪಿನ ಫೋಟೋ ಕಳಿಸಿದರು. ಕಪ್ಪಿನ ಗೋಡೆಗೆ ಐದು ಸಣ್ಣ ಪಟ್ಟಿ ಅಂಟಿಸಿವೆ. ನಾಲ್ಕರಲ್ಲಿ ಎರಡೆರಡು ಕೆಂಪು ಗೆರೆ. ಒಂದರಲ್ಲಿ ಮಾತ್ರ ಮೇಲಿನ ಗೆರೆ ಇದೆ, ಕೆಳಗಿನದು ಬಂದಿಲ್ಲ. ಅದರ ಸುತ್ತ ಯಾರೋ ಮಾರ್ಕರ್‌ನಿಂದ ಸುತ್ತು ಹಾಕಿದ್ದರು. ನನಗೆ ಮೊದಲು ಏನೂ ತಿಳಿಯಲಿಲ್ಲ, ಯಾಕೆಂದರೆ ಕೋವಿಡ್ ಕಿಟ್‌ನಲ್ಲಿ ನಾವೆಲ್ಲ ನೋಡಿದ್ದು ಎರಡು ಗೆರೆ ಬಂದರೆ ಪಾಸಿಟಿವ್ ಅಂತ. ಇದು ಉಲ್ಟಾ. ಒಂದೊಂದು ಪಟ್ಟಿ ಒಂದೊಂದು ಬಗೆಯ ನಶೆ ಪದಾರ್ಥಕ್ಕೆ. ಮೂತ್ರದಲ್ಲಿ ಆ ಪದಾರ್ಥ ಇದ್ದರೆ ಕೆಳಗಿನ ಗೆರೆ ಮೂಡುವುದಿಲ್ಲ, ಇಲ್ಲದಿದ್ದರೆ ಮೂಡುತ್ತದೆ. ಗೆರೆ ಎಷ್ಟೇ ತೆಳುವಾಗಿದ್ದರೂ ಅದು ನೆಗೆಟಿವ್ ಅಂತಲೇ ಲೆಕ್ಕ. ಗೇಟಿನಲ್ಲಿ ನಿಂತವರಿಗೆ ಇದನ್ನು ಯಾರಾದರೂ ಕೂರಿಸಿ ಹೇಳಿಕೊಟ್ಟಿದ್ದಾರಾ? ನಾನು ಕೇಳಿದಾಗ ಉತ್ತರ ಬರಲಿಲ್ಲ.

ಕಾಕಾ ವಿಷಯದಲ್ಲಿ ಓದಿದ್ದು ಸರಿಯೇ ಇತ್ತು. ಅಫೀಮಿನ ಜಾತಿಯ ಪಟ್ಟಿಯಲ್ಲಿ ಗೆರೆ ಬಂದಿರಲಿಲ್ಲ. ಬಾರದೇ ಇದ್ದುದಕ್ಕೆ ಕಾರಣ ಗಾಡಿಯಲ್ಲೇ, ಸ್ಟೇರಿಂಗ್ ಪಕ್ಕದ ಡಬ್ಬಿಯಲ್ಲಿ ಇತ್ತು. ಒಂದು ವಾರದಿಂದ ಒಣ ಕೆಮ್ಮು. ಡಾಕ್ಟರ್ ಸಿರಪ್ ಬರೆದುಕೊಟ್ಟಿದ್ದರು. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಕೊಡೀನ್ ಅಂತ ಇದೆ. ಕೊಡೀನ್ ಅಫೀಮಿನ ಕುಟುಂಬದ್ದು, ಹೊಟ್ಟೆಗೆ ಹೋದ ಮೇಲೆ ಅದರಲ್ಲಿ ಸ್ವಲ್ಪ ಮಾರ್ಫಿನ್ ಆಗಿ ಬದಲಾಗುತ್ತದೆ. ಚೀಟಿ ಜೇಬಿನಲ್ಲೇ ಇತ್ತು. ಯಾರೂ ಕೇಳಲಿಲ್ಲ. ರಿಜಿಸ್ಟರ್‌ನಲ್ಲಿ "ಡ್ರಗ್ ಪಾಸಿಟಿವ್" ಅಂತ ಬರೆದು, ಡಿಎಲ್ ನಂಬರ್ ಬ್ಲಾಕ್ ಮಾಡಿ, ಗೇಟಿನಿಂದ ಹೊರಗೆ ಕಳಿಸಿದರು. ಸಂಜೆ ಹೊತ್ತಿಗೆ ಲಾರಿ ಅಡ್ಡೆಯಲ್ಲೆಲ್ಲ ಸುದ್ದಿ. ಕಾಕಾ 12 ದಿನ ಮನೆಯಿಂದ ಹೊರಗೆ ಬರಲಿಲ್ಲ.

ಇಲ್ಲಿ ಒಂದು ಮಾತು ಪೂರ್ತಿ ಹೇಳಬೇಕು. ಕಾಕಾ ನಶೆ ಮಾಡಿರಲಿಲ್ಲ ನಿಜ. ಆದರೆ ಆ ಸಿರಪ್ ಕುಡಿದು ರಾತ್ರಿ ಗಾಡಿ ಓಡಿಸಬಾರದಿತ್ತು, ಅದೂ ನಿಜ. ಅದು ನಿದ್ದೆ ತರುತ್ತದೆ. ಬರೆದುಕೊಟ್ಟ ಡಾಕ್ಟರ್ "ನೀವು ಏನು ಕೆಲಸ ಮಾಡ್ತೀರಿ" ಅಂತ ಕೇಳಲಿಲ್ಲ, ಮೆಡಿಕಲ್ ಶಾಪಿನವನು ಕೇಳಲಿಲ್ಲ, ಫೋನಿನಲ್ಲಿ ಅವರ ಕೆಮ್ಮು ದಿನಾ ಕೇಳುತ್ತಿದ್ದ ನಾನೂ ಕೇಳಲಿಲ್ಲ. ಅಂದರೆ ಆ ಕಪ್ಪು ಒಂದು ನಿಜ ಸಂಗತಿಯನ್ನೇ ತೋರಿಸಿತ್ತು. ಅದನ್ನು ನೋಡಿ "ನಾಲ್ಕು ದಿನ ರಜೆ ತಗೊಳ್ಳಿ, ಸಿರಪ್ ಬದಲಾಯಿಸಿಕೊಂಡು ಬನ್ನಿ" ಅಂತ ಹೇಳಬೇಕಿತ್ತು. ಹೇಳಿದ್ದು "ನಶೇಬಾಜ" ಅಂತ.

ಟೆಸ್ಟೇ ಬೇಡ ಅನ್ನುವವಳಲ್ಲ ನಾನು. 30 ಟನ್ ಸಿಮೆಂಟ್ ಹೊತ್ತ ಗಾಡಿ ಹುಮನಾಬಾದ್ ದಾಟಿ ಎನ್‌ಎಚ್ 65ರಲ್ಲಿ ಹೋಗುವಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಇರುತ್ತದೆ, ಹಿಂದೆ ದೀಪ ಇರುವುದಿಲ್ಲ, ಬೈಕಿನಲ್ಲಿ ಗಂಡ ಹೆಂಡತಿ ಮಗು ಇರುತ್ತಾರೆ. ಆ ಗಾಡಿ ಓಡಿಸುವವರು ಎಚ್ಚರ ಇರಲೇಬೇಕು. ಹಾಗಾಗಿ ಟೆಸ್ಟನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಹುಡುಕಿ ಓದಲು ಕೂತೆ. ಇದರಲ್ಲಿ ಬಹಳ ಹಿಂದೆಯೇ ನಿಯಮ ಮಾಡಿದ್ದು ಅಮೆರಿಕ. 1987ರ ಜನವರಿಯಲ್ಲಿ ಮೇರಿಲ್ಯಾಂಡ್‌ನ ಚೇಸ್ ಅನ್ನುವಲ್ಲಿ ರೈಲು ಅಪಘಾತ ಆಗಿ 16 ಜನ ಸತ್ತರು, ಎಂಜಿನ್ ಓಡಿಸುತ್ತಿದ್ದವನು ಗಾಂಜಾ ಸೇದಿದ್ದ. ಆಮೇಲೆ ಗದ್ದಲ ಎದ್ದು 1991ರಲ್ಲಿ ಕಾಯ್ದೆ ಬಂತು. ದೊಡ್ಡ ಗಾಡಿ ಓಡಿಸುವವರಿಗೆ ಕೆಲಸಕ್ಕೆ ಸೇರುವ ಮೊದಲು ಟೆಸ್ಟ್, ನಡುವೆ ಯಾವಾಗ ಬೇಕಾದರೂ ಚೀಟಿ ಎತ್ತಿದ ಹಾಗೆ ಟೆಸ್ಟ್, ಅನುಮಾನ ಬಂದರೆ ಟೆಸ್ಟ್, ದೊಡ್ಡ ಅಪಘಾತ ಆದರೆ 32 ಗಂಟೆಯ ಒಳಗೆ ಟೆಸ್ಟ್. ಗಾಂಜಾ, ಕೊಕೇನ್, ಅಫೀಮಿನ ಜಾತಿಯವು, ನಿದ್ದೆ ಓಡಿಸುವ ಆಂಫೆಟಮಿನ್, ಭ್ರಮೆ ತರುವ ಪಿಸಿಪಿ, ಈ ಐದು ಬಗೆ ನೋಡುತ್ತಾರೆ.

ನಿಯಮ ಬಹಳ ಬಿಗಿ. ಆದರೆ ಆ ಬಿಗಿ ಡ್ರೈವರ್‌ಗೆ ಮಾತ್ರ ಅಲ್ಲ, ಟೆಸ್ಟ್ ಮಾಡುವವರಿಗೂ ಇದೆ. ಕನಿಷ್ಠ 45 ಎಂಎಲ್ ಮೂತ್ರ ತೆಗೆದುಕೊಂಡು, 30 ಒಂದು ಬಾಟಲಿಗೆ, 15 ಇನ್ನೊಂದಕ್ಕೆ ಹಾಕಿ, ಡ್ರೈವರ್ ಕಣ್ಣೆದುರೇ ಸೀಲ್ ಮಾಡುತ್ತಾರೆ. ನಾಲ್ಕು ನಿಮಿಷದ ಒಳಗೆ ಅದರ ಬಿಸಿ ನೋಡುತ್ತಾರೆ, ಬೇರೆಯವರ ಮೂತ್ರ ತಂದು ಸುರಿಯಬಾರದು ಅಂತ. ಸಾಮಾನ್ಯವಾಗಿ ಬಾಗಿಲು ಹಾಕಿಕೊಂಡು ಒಬ್ಬರೇ ಹೋಗಬಹುದು. ಲ್ಯಾಬಿನಲ್ಲಿ ಮೊದಲ ಟೆಸ್ಟ್ ಪಾಸಿಟಿವ್ ಬಂದರೆ ಬೇರೆ ವಿಧಾನದಲ್ಲಿ ಎರಡನೇ ಸಲ ಮಾಡುತ್ತಾರೆ. ಅದೂ ಪಾಸಿಟಿವ್ ಬಂದರೆ ಮಾಲೀಕನಿಗೆ ಹೋಗುವ ಮೊದಲು ಆ ವರದಿ ಒಬ್ಬ ಡಾಕ್ಟರ್ ಹತ್ತಿರ ಹೋಗುತ್ತದೆ. ಇವರ ಕೆಲಸವೇ ಡ್ರೈವರ್‌ಗೆ ಫೋನ್ ಮಾಡಿ "ಏನಾದರೂ ಔಷಧಿ ತಗೊಳ್ತಿದ್ದೀರಾ, ಚೀಟಿ ಇದೆಯಾ" ಅಂತ ಕೇಳುವುದು. ಇದನ್ನು ಓದಿದಾಗ ನನಗೆ ಕಾಕಾನ ಜೇಬಿನ ಚೀಟಿ ನೆನಪಾಯಿತು. ಒಂದು ಫೋನು. ಅಷ್ಟೇ ಬೇಕಾಗಿದ್ದು. ಡಾಕ್ಟರ್ ಮಾತಿಗೂ ಒಪ್ಪದಿದ್ದರೆ 72 ಗಂಟೆ ಒಳಗೆ ಆ ಎರಡನೇ ಬಾಟಲಿಯನ್ನು ಬೇರೆ ಲ್ಯಾಬಿಗೆ ಕಳಿಸಿ ಅಂತ ಡ್ರೈವರ್ ಕೇಳಬಹುದು.

ಇನ್ನೊಂದು ಸಂಗತಿ ಇದೆ. ಗಸಗಸೆ ತಿಂದರೂ ಈ ಟೆಸ್ಟ್ ಪಾಸಿಟಿವ್ ಬರಬಹುದು! ನಮ್ಮಲ್ಲಿ ಹಬ್ಬಕ್ಕೆ ಗಸಗಸೆ ಪಾಯಸ ಮಾಡುತ್ತೇವೆ ಅಲ್ವಾ, ಅದೇ ಗಸಗಸೆ, ಅಫೀಮಿನ ಗಿಡದ ಬೀಜ. ಅಮೆರಿಕದವರು ಇದನ್ನು ನೋಡಿಯೇ 1998ರ ಕೊನೆಗೆ ಪಾಸಿಟಿವ್ ಅನ್ನುವ ಮಿತಿಯನ್ನು ಒಂದು ಎಂಎಲ್‌ ಮೂತ್ರಕ್ಕೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿದರು. 300ರ ಪಟ್ಟಿಗಳು ಈಗಲೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ನಮ್ಮ ಗೇಟಿನ ಕಪ್ಪಿನದು ಯಾವ ಮಿತಿ ಅಂತ ಕೇಳಿದರೆ ಅಲ್ಲಿ ಹೇಳುವವರೇ ಇಲ್ಲ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಅಂದರೆ, 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇದೆ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ತಪ್ಪು. ಡ್ರಗ್ ತಗೊಂಡು ಗಾಡಿ ಹಿಡಿತದಲ್ಲಿ ಇಟ್ಟುಕೊಳ್ಳಲು ಆಗದ ಸ್ಥಿತಿಯಲ್ಲಿ ಓಡಿಸಿದರೂ ತಪ್ಪು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲ 10,000 ರೂಪಾಯಿ ದಂಡ, ಇಲ್ಲ ಎರಡೂ. ಅದು ರಸ್ತೆಯ ಮೇಲೆ ಪೊಲೀಸರ ಕೆಲಸ. ಲಾರಿ ಡ್ರೈವರ್‌ಗೆ ಕೆಲಸದ ಜಾಗದಲ್ಲಿ ಇಂಥ ಟೆಸ್ಟ್ ಹೀಗೆ ಮಾಡಿ ಅನ್ನುವ ನಿಯಮ, ಅಮೆರಿಕದಲ್ಲಿ ಇರುವಂಥದ್ದು, ನಮ್ಮಲ್ಲಿ ಇಲ್ಲ. ಲೈಸೆನ್ಸ್ ಮಾಡಿಸುವಾಗ ಡಾಕ್ಟರ್ ತುಂಬುವ ಫಾರಂ 1-ಎ ಕಣ್ಣು, ಕಿವಿ, ಕೈಕಾಲು ನೋಡುತ್ತದೆ, ಮೂತ್ರ ಪರೀಕ್ಷೆ ಕೇಳುವುದಿಲ್ಲ. ವಿಮಾನದ ಪೈಲಟ್‌ಗಳಿಗೆ 2022ರಿಂದ ಇಂಥ ಟೆಸ್ಟಿಗೆ ಬರವಣಿಗೆಯ ನಿಯಮ ಇದೆ. ಲಾರಿಯವರಿಗೆ ಇಲ್ಲ. ಹಾಗಾಗಿ ಗೇಟಿನಲ್ಲಿ ನಡೆಯುವುದೆಲ್ಲ ಫ್ಯಾಕ್ಟರಿಯದೇ ಸ್ವಂತ ನಿಯಮ. ತಪ್ಪಾದರೆ ಯಾರ ಹತ್ತಿರ ಹೋಗಿ ಕೇಳುವುದು?

ಆ ಐದು ಪಟ್ಟಿಯ ಕಪ್ಪು ನಮ್ಮ ಕಡೆಯ ನಿಜವಾದ ತೊಂದರೆಯನ್ನು ಹಿಡಿಯುವುದೂ ಇಲ್ಲ. ಯಾದಗಿರಿ, ರಾಯಚೂರು, ತೆಲಂಗಾಣ ಗಡಿ ಕಡೆ ಯಾರನ್ನಾದರೂ ಕೇಳಿ, ಸಿಎಚ್ ಪೌಡರ್ ಸೇಂದಿ ಅಂದರೆ ಗೊತ್ತು. ಮರದಿಂದ ಇಳಿಸಿದ ಸೇಂದಿ ಅಲ್ಲ, ನೀರಿಗೆ ಕ್ಲೋರಲ್ ಹೈಡ್ರೇಟ್ ಬೆರೆಸಿದ್ದು, ಕೆಲವು ಕಡೆ ಆಲ್‌ಪ್ರಜೋಲಾಮ್ ಅನ್ನುವ ನಿದ್ದೆ ಗುಳಿಗೆಯ ಪುಡಿ ಬೆರೆಸಿದ್ದು. ಅದನ್ನು ಕುಡಿದು ಗಾಡಿ ಹತ್ತಿದವನ ಕಣ್ಣು ರೆಪ್ಪೆ ಮೇಲೇಳುವುದಿಲ್ಲ. ಈ ಎರಡೂ ಆ ಐದರ ಪಟ್ಟಿಯಲ್ಲಿ ಇಲ್ಲ. ಊದುವ ಮಷಿನ್‌ಗೂ ಸಿಗುವುದಿಲ್ಲ. ಅವನು ಆರಾಮಾಗಿ ಪಾಸಾಗಿ ಒಳಗೆ ಹೋಗುತ್ತಾನೆ, ಕೆಮ್ಮಿನ ಸಿರಪ್ ಕುಡಿದವರು ಹೊರಗೆ. ಇನ್ನು ಗಾಂಜಾ. ಅದು ದಿನಾ ಸೇದುವವನ ಮೂತ್ರದಲ್ಲಿ ವಾರಗಟ್ಟಲೆ ಸಿಗುತ್ತದೆ. ಹಿಂದಿನ ವಾರ ಸೇದಿದ್ದಕ್ಕೂ ಈಗ ಅಮಲಿನಲ್ಲಿ ಇರುವುದಕ್ಕೂ ಕಪ್ಪು ಫರಕು ಹೇಳುವುದಿಲ್ಲ.

ಮತ್ತೆ ನಿದ್ದೆ. ಈ ಭಾಗ ಬರೆಯುವುದು ನನಗೆ ಕಷ್ಟ. ಕಾಕಾ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ನಮ್ಮ ಹಳೆ ಟ್ರಿಪ್ ಶೀಟುಗಳನ್ನು ತೆಗೆದು ನೋಡಿದೆ. ಒಂದು ಟ್ರಿಪ್ ಹೇಳುತ್ತೇನೆ. ಸೋಮವಾರ ರಾತ್ರಿ 10ಕ್ಕೆ ಸೇಡಂ ಬಿಟ್ಟು, ಮಂಗಳವಾರ ಮಧ್ಯಾಹ್ನ ಪುಣೆ ಮುಟ್ಟಿ, ಅನ್‌ಲೋಡ್ ಆಗುವವರೆಗೆ ಬಿಸಿಲಲ್ಲಿ ಕಾದು, ಅದೇ ರಾತ್ರಿ ವಾಪಸ್ ಲೋಡ್ ಹಿಡಿದು, ತಾಡಪತ್ರಿ ಕಟ್ಟಿಸಿ, ಬುಧವಾರ ಬೆಳಿಗ್ಗೆ 9ಕ್ಕೆ ಹುಮನಾಬಾದ್. ಒಬ್ಬರೇ ಡ್ರೈವರ್. ಆ ಶೀಟಿನ ಕೆಳಗೆ ಇರುವುದು ನನ್ನದೇ ಸಹಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ದೂರದ ರೂಟಿಗೆ ಬಹಳ ಅಂದರೆ 10 ಗಂಟೆ ಅನ್ನುತ್ತಿತ್ತು. ಐದು ಜನ ಕೆಲಸಗಾರರು ಇದ್ದರೆ ಸಾಕು, ಆ ಕಾಯ್ದೆ ಅನ್ವಯ ಆಗುತ್ತಿತ್ತು. ನಮ್ಮಲ್ಲಿ ಒಂಬತ್ತು ಜನ. ಎರಡು ರಾತ್ರಿ ನಿದ್ದೆ ಇಲ್ಲದವರಿಗೆ ಯಾರಾದರೂ ಢಾಬಾದಲ್ಲಿ "ಇದು ತಗೋ, ನಿದ್ದೆ ಬರಲ್ಲ" ಅಂತ ಏನಾದರೂ ಕೊಟ್ಟರೆ ಅವರು ಯಾಕೆ ತಗೊಳ್ಳುತ್ತಾರೆ ಅಂತ ನಾನು ಯಾರನ್ನು ಕೇಳಲಿ?

ಜನವರಿಯಿಂದ ಪುಣೆ ಟ್ರಿಪ್‌ಗೆ ಇಬ್ಬರನ್ನು ಕಳಿಸುತ್ತಿದ್ದೇವೆ, ಇಲ್ಲದಿದ್ದರೆ ಸೋಲಾಪುರದಲ್ಲಿ ಆರು ಗಂಟೆ ಮಲಗಿಯೇ ಮುಂದೆ ಹೋಗಬೇಕು. ಅಪ್ಪ ಮೊದಲು ಒಪ್ಪಲಿಲ್ಲ, ಡೀಸೆಲ್ ಲೆಕ್ಕ, ಕಂತಿನ ಲೆಕ್ಕ ಎಲ್ಲ ತೆಗೆದರು. ನಾನು ಆ ಶೀಟ್ ಅವರ ಮುಂದೆ ಇಟ್ಟೆ. ಓದಿ ಸುಮ್ನೆ ಕೂತರು. ಮರುದಿನ ಅವರೇ ಎರಡನೇ ಡ್ರೈವರ್ ಬತ್ತಾ ಬರೆದರು. ಡ್ರೈವರ್‌ಗಳಿಗೂ ಒಂದು ಮಾತು ಹೇಳಿದ್ದೇವೆ. ಯಾವ ಔಷಧಿ ತಗೊಂಡರೂ ಮೊದಲು ನನಗೆ ಬಾಟಲಿಯ ಫೋಟೋ ಕಳಿಸಿ. ನಾನು ಡಾಕ್ಟರನ್ನು ಕೇಳಿ ಹೇಳುತ್ತೇನೆ, ಗಾಡಿ ಓಡಿಸಬಹುದಾ ಬೇಡವಾ ಅಂತ. ಬೇಡ ಅಂದರೆ ಆ ದಿನಗಳ ಅರ್ಧ ಬತ್ತಾ ಕೊಡುತ್ತೇವೆ. ಪೂರ್ತಿ ಕೊಡುವಷ್ಟು ನಮ್ಮ ಕೈಯಲ್ಲಿ ಇಲ್ಲ. ನಿಜವಾಗಿ ಚಟಕ್ಕೆ ಬಿದ್ದವರು ಯಾರಾದರೂ ಇದ್ದರೆ 14446ಕ್ಕೆ ಫೋನ್ ಮಾಡಬಹುದು, ಸರ್ಕಾರದ ನಶೆ ಬಿಡಿಸುವ ಸಹಾಯವಾಣಿ, ದುಡ್ಡು ಇಲ್ಲ. ಅಮೆರಿಕದಲ್ಲಿ ಪಾಸಿಟಿವ್ ಬಂದವರಿಗೂ ವಾಪಸ್ ಬರುವ ದಾರಿ ಇದೆ. ತಜ್ಞರ ಹತ್ತಿರ ಹೋಗಿ, ಚಿಕಿತ್ಸೆಯೋ ಪಾಠವೋ ಮುಗಿಸಿ, ಮತ್ತೆ ಟೆಸ್ಟ್ ಕೊಟ್ಟು ನೆಗೆಟಿವ್ ಬಂದರೆ ಸ್ಟೇರಿಂಗ್ ಮತ್ತೆ ಹಿಡಿಯಬಹುದು, ಆಮೇಲೆ ಮೊದಲ ವರ್ಷ ಕನಿಷ್ಠ ಆರು ಸಲ ಹೇಳದೇ ಕೇಳದೇ ಟೆಸ್ಟ್ ಬರುತ್ತದೆ. ನಮ್ಮ ಗೇಟಿನ ರಿಜಿಸ್ಟರ್‌ನಲ್ಲಿ ಒಮ್ಮೆ ಹೆಸರು ಬಿದ್ದರೆ ತೆಗೆಯುವ ಕಾಲಂ ಕೂಡ ಇಲ್ಲ.

ಫ್ಯಾಕ್ಟರಿಗೆ ಒಂದು ಪತ್ರ ಕೊಟ್ಟಿದ್ದೇನೆ. ಟೆಸ್ಟ್ ನಿಲ್ಲಿಸಿ ಅಂತ ಬರೆದಿಲ್ಲ. ಬಾಗಿಲು ಇರುವ ಒಂದು ಕೋಣೆ ಮಾಡಿ, ಪಾಸಿಟಿವ್ ಬಂದರೆ ಉಳಿದ ಮೂತ್ರವನ್ನು ಸೀಲ್ ಮಾಡಿ ಲ್ಯಾಬಿಗೆ ಕಳಿಸಿ, ಹೆಸರು ಬರೆಯುವ ಮೊದಲು ನಿಮ್ಮ ಡಾಕ್ಟರ್ ಒಂದು ಸಲ ಡ್ರೈವರ್ ಜೊತೆ ಮಾತಾಡಲಿ ಅಂತ ಬರೆದೆ. ಕಾಕಾನ ಚೀಟಿ ಮತ್ತು ಸಿರಪ್ ಬಿಲ್ಲಿನ ಜೆರಾಕ್ಸ್ ಲಗತ್ತಿಸಿ, ಅವರ ಹೆಸರು ತೆಗೆಯಿರಿ ಅಂತಲೂ ಕೇಳಿದ್ದೇನೆ. ಪತ್ರಕ್ಕೆ ಸೀಲ್ ಹಾಕಿ ತಗೊಂಡರು. 20 ದಿನ ಆಯಿತು, ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ.

ಕಾಕಾ ಈಗ ಆ ಗೇಟಿಗೆ ಹೋಗುತ್ತಿಲ್ಲ. ನಿನ್ನೆ ಸಂಜೆ ತೊಗರಿ ಬೇಳೆ ಲೋಡ್ ಹಿಡಿದು ಬೆಂಗಳೂರಿಗೆ ಹೊರಟರು, ಜೊತೆಗೆ ಇನ್ನೊಬ್ಬ ಡ್ರೈವರ್ ಇದ್ದಾನೆ. ಬೆಳಿಗ್ಗೆ ಫೋನ್ ಮಾಡಿದ್ದರು. ಚಿತ್ರದುರ್ಗದಲ್ಲಿ ಚಹಾ ಕುಡಿಯುತ್ತಿದ್ದರು, ಕೆಮ್ಮು ಪೂರ್ತಿ ಹೋಗಿದೆ.