ಹದಿನಾಲ್ಕನೇ ಪೋರ್ಟ್ ಮತ್ತು ನನ್ನ ಸಿಸಿಎನ್‌ಎ ಓದು

ಸಿಸಿಎನ್‌ಎಗೆ, ಅಂದರೆ ಸಿಸ್ಕೋ ಅನ್ನುವ ನೆಟ್‌ವರ್ಕ್ ಉಪಕರಣಗಳ ಕಂಪನಿ ಕೊಡುವ ಸರ್ಟಿಫಿಕೇಟಿನ ಪರೀಕ್ಷೆಗೆ, ಓದುತ್ತಿದ್ದೇನೆ ಅಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಂಗಾದ್ರೆ ಬೆಂಗ್ಳೂರಿಗೆ ಹೊರಟೆ ಅನ್ನು." ಇಲ್ಲ, ನಾನು ಎಲ್ಲಿಗೂ ಹೊರಟಿಲ್ಲ. ಇಲ್ಲಿನ ಕೆಲಸಕ್ಕೇ ಈ ಓದು ಬೇಕು ಅನ್ನಿಸಿ ಶುರು ಮಾಡಿದ್ದು.

ನಾನು ಶಿವಮೊಗ್ಗದ ದುರ್ಗಿಗುಡಿ ಕಡೆ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡಿಪ್ಲೊಮಾ ಮುಗಿಸಿ ಸೇರಿದವಳು. ಊರು ರಿಪ್ಪನ್‌ಪೇಟೆ ಹತ್ತಿರ. ವಾರದಲ್ಲಿ ಅರ್ಧ ಹೊಸನಗರ, ಸಾಗರ, ತೀರ್ಥಹಳ್ಳಿ ಅಂತ ಬಸ್ಸಿನಲ್ಲೇ ಕಳೆಯುತ್ತದೆ. ಈಗ ಸೊಸೈಟಿಯಿರಲಿ, ಶಾಲೆಯಿರಲಿ, ನರ್ಸಿಂಗ್ ಹೋಮ್ ಇರಲಿ, ಎಲ್ಲ ಕಡೆ ಹತ್ತಿಪ್ಪತ್ತು ಕಂಪ್ಯೂಟರ್, ಕ್ಯಾಮೆರಾ, ಪ್ರಿಂಟರ್, ಬಿಲ್ಲಿಂಗ್ ಮೆಷಿನ್ ಇದ್ದೇ ಇರುತ್ತವೆ. ನೆಟ್‌ವರ್ಕ್ ಕೈಕೊಟ್ಟರೆ ಆ ದಿನದ ಕೆಲಸ ಪೂರ್ತಿ ನಿಂತ ಹಾಗೆ. ಅಡಿಕೆ ಮಾರಲು ಬೆಳಗ್ಗೆ ಮೊದಲ ಬಸ್ಸು ಹತ್ತಿ ಬಂದವರು ಸಂಜೆವರೆಗೆ ಬೆಂಚಿನ ಮೇಲೆ ಕೂತಿರುವುದನ್ನು ನಾನು ನೋಡಿದ್ದೇನೆ.

ಈ ಓದು ಎಲ್ಲಿ ಕೈಗೆ ಬಂತು ಅಂತ ಒಂದು ಉದಾಹರಣೆ ಹೇಳುತ್ತೇನೆ. ಮಲೆನಾಡಿನ ಒಂದು ಸೊಸೈಟಿ, ಹೆಸರು ಬೇಡ. ಅಲ್ಲಿ ದಿನಾ ಬೆಳಗ್ಗೆ ಕೆಲವು ಕಂಪ್ಯೂಟರ್‌ಗಳಿಗೆ ಸರ್ವರ್ ಸಿಗುತ್ತಿರಲಿಲ್ಲ. ಇವತ್ತು ಕ್ಯಾಷಿಯರ್‌ದು, ನಾಳೆ ಸಾಲದ ವಿಭಾಗದ್ದು. ರೀಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಇಲ್ಲ. ಕಾರ್ಯದರ್ಶಿಯವರಿಗೆ ಸಾಕಾಗಿ ಹೋಗಿತ್ತು. "ಎಂತ ಮಾರಾಯ್ತಿ ಇದು, ಮೂರು ಜನ ಬಂದು ನೋಡಿ ಹೋದ್ರು. ಕಂಪ್ಯೂಟರೇ ಹಾಳಾಗಿದೆ, ಹೊಸದು ತಗೊಳ್ಳಿ ಅಂತಾರೆ" ಅಂದರು.

ಸರ್ವರ್ ಸಿಗದೇ ಇದ್ದ ಒಂದು ಕಂಪ್ಯೂಟರ್ ಮುಂದೆ ಕೂತು ಅದರ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ, ನೋಡಿದೆ. ಆಫೀಸಿನ ನೆಟ್‌ವರ್ಕ್ 192.168.1ರಲ್ಲಿ ಇದೆ. ಇದಕ್ಕೆ ಸಿಕ್ಕಿದ್ದು 192.168.0ರ ಅಡ್ರೆಸ್. ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲು, 192.168.0.1 ಅಂತ ತೋರಿಸುತ್ತಿತ್ತು. ಅಂಥ ಗೇಟ್‌ವೇ ಆ ಕಟ್ಟಡದಲ್ಲಿ ಇರಲೇಬಾರದು. ಅಂದರೆ ಇನ್ನೆಲ್ಲೋ ಒಂದು ಡಿಎಚ್‌ಸಿಪಿ ಸರ್ವರ್ ಕೂತು ಅಡ್ರೆಸ್ ಹಂಚುತ್ತಿದೆ.

ಡಿಎಚ್‌ಸಿಪಿ ನಾಲ್ಕು ಹೆಜ್ಜೆಯಲ್ಲಿ ನಡೆಯುತ್ತದೆ. ಕಂಪ್ಯೂಟರ್ ಆನ್ ಆದಾಗ "ನನಗೆ ಅಡ್ರೆಸ್ ಕೊಡುವವರು ಯಾರಾದರೂ ಇದ್ದೀರಾ" ಅಂತ ಇಡೀ ನೆಟ್‌ವರ್ಕಿಗೆ ಕೇಳುವ ಹಾಗೆ ಕೂಗುತ್ತದೆ. ಅದು ಡಿಸ್ಕವರ್. ಸರ್ವರ್ ಒಂದು ಅಡ್ರೆಸ್ ಮುಂದಿಡುತ್ತದೆ, ಅದು ಆಫರ್. ಕಂಪ್ಯೂಟರ್ ಅದನ್ನೇ ಕೇಳುತ್ತದೆ, ರಿಕ್ವೆಸ್ಟ್. ಸರ್ವರ್ ಆಯ್ತು ಅನ್ನುತ್ತದೆ, ಅಕ್ನಾಲೆಜ್. ಇಬ್ಬರು ಸರ್ವರ್ ಇದ್ದರೆ ಸಾಮಾನ್ಯವಾಗಿ ಯಾರ ಆಫರ್ ಮೊದಲು ಬಂತೋ ಅದನ್ನೇ ಕಂಪ್ಯೂಟರ್ ಹಿಡಿಯುತ್ತದೆ. ಅದಕ್ಕೇ ದಿನಕ್ಕೊಂದು ಕಂಪ್ಯೂಟರ್ ಕೆಡುತ್ತಿದ್ದದ್ದು, ಅದಕ್ಕೇ ರೀಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಸರಿಹೋಗುತ್ತಿದ್ದದ್ದು.

ಆ ಗೇಟ್‌ವೇಯ ಮ್ಯಾಕ್ ಅಡ್ರೆಸ್ಸನ್ನು, ಅಂದರೆ ಆ ಉಪಕರಣದ ಗುರುತಿನ ಸಂಖ್ಯೆಯನ್ನು, ಕಂಪ್ಯೂಟರಿನ ಎಆರ್‌ಪಿ ಟೇಬಲ್ಲಿನಿಂದ (ಯಾವ ಐಪಿಗೆ ಯಾವ ಮ್ಯಾಕ್ ಅನ್ನುವ ಪಟ್ಟಿ) ಬರೆದುಕೊಂಡೆ. ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಯೇ ಸ್ವಿಚ್; ಪುಣ್ಯಕ್ಕೆ ಅಲ್ಲಿದ್ದದ್ದು ಒಳಗಿನ ವಿವರ ನೋಡಿ ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್. ಅದರ ಮ್ಯಾಕ್ ಅಡ್ರೆಸ್ ಟೇಬಲ್ ತೆಗೆದರೆ ಆ ಮ್ಯಾಕ್ ಹದಿನಾಲ್ಕನೇ ಪೋರ್ಟಿನಲ್ಲಿ ಇತ್ತು. ಹದಿನಾಲ್ಕರ ಕೇಬಲ್ ಹಿಡಿದು ಹೊರಟರೆ ಅದು ಗೋಡೆ ದಾಟಿ ಹಿಂದಿನ ಗೋದಾಮಿಗೆ ಹೋಯಿತು. ಗೋಣಿಚೀಲದ ರಾಶಿಯ ಹಿಂದೆ, ಕಿಟಕಿ ಕಟ್ಟೆಯ ಮೇಲೆ, ಧೂಳು ಹಿಡಿದ ಒಂದು ಹಳೇ ವೈಫೈ ರೌಟರ್. ಗೋದಾಮಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಲ್ಲ ಅಂತ ಯಾರೋ ಮನೆಯಿಂದ ತಂದು ಸಿಕ್ಕಿಸಿದ್ದರು. ಅವರ ಮೇಲೆ ಸಿಟ್ಟಿಲ್ಲ, ಮಳೆಗಾಲದಲ್ಲಿ ನಮ್ಮ ಕಡೆ ಸಿಗ್ನಲ್ ಹೆಂಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೊಂದು ಸರಿಯಾದ ಅಡ್ರೆಸ್ ಕೊಟ್ಟು, ಬರೀ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಮಾಡಿಟ್ಟೆ. ಅವರಿಗೆ ವೈಫೈಯೂ ಉಳಿಯಿತು. ಮತ್ತೆ ಹೀಗಾಗದಿರಲಿ ಅಂತ ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿದೆ. ನಂಬಿಕೆಯದ್ದು ಅಂತ ನಾವು ಹೇಳಿಟ್ಟ ಪೋರ್ಟಿನಿಂದ ಮಾತ್ರ ಆಫರ್ ಬರಬೇಕು, ಬೇರೆ ಪೋರ್ಟಿನಿಂದ ಬಂದರೆ ಸ್ವಿಚ್ಚೇ ಬಿಸಾಡುತ್ತದೆ. ಒಂದೇ ಒಂದು ಹೊಸ ಕಂಪ್ಯೂಟರ್ ಕೊಳ್ಳುವ ಪ್ರಮೇಯ ಬರಲಿಲ್ಲ.

ಈ ಡಿಎಚ್‌ಸಿಪಿ ಸ್ನೂಪಿಂಗ್ ಸಿಸಿಎನ್‌ಎ ಪಠ್ಯದಲ್ಲೇ ಇದೆ, ಸೆಕ್ಯುರಿಟಿ ಭಾಗದಲ್ಲಿ. ಮ್ಯಾಕ್ ಟೇಬಲ್ ಓದುವುದು ಅದಕ್ಕಿಂತ ಮೊದಲೇ ಬರುತ್ತದೆ. ಸರ್ಟಿಫಿಕೇಟು ಬರೀ ಕಾಗದ ಅನ್ನುವವರಿಗೆ ನಾನು ಈ ಗೋದಾಮಿನ ಕಥೆ ಹೇಳುತ್ತೇನೆ.

ಪರೀಕ್ಷೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಈಗಿನ ಪರೀಕ್ಷೆಯ ಸಂಖ್ಯೆ 200-301. 2020ರ ಫೆಬ್ರವರಿಯಲ್ಲಿ ಬಂದದ್ದು, 2024ರ ಆಗಸ್ಟ್‌ನಲ್ಲಿ ಪಠ್ಯ ಸ್ವಲ್ಪ ಬದಲಾಯಿತು. ಅವಧಿ 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ಹಿಂದಕ್ಕೆ ಹೋಗುವ ಹಾಗಿಲ್ಲ. ಐಪಿ ಕನೆಕ್ಟಿವಿಟಿಗೆ (ರೌಟಿಂಗ್) 25% ತೂಕ, ಮೂಲ ಪಾಠಕ್ಕೂ ಸ್ವಿಚ್ಚು-ವಿಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕಾಗಿ ವಿಂಗಡಿಸುವುದು) ಭಾಗಕ್ಕೂ ತಲಾ 20%, ಸೆಕ್ಯುರಿಟಿಗೆ 15%, ಉಳಿದದ್ದು ಐಪಿ ಸರ್ವಿಸಸ್ ಮತ್ತು ಆಟೊಮೇಷನ್‌ಗೆ ತಲಾ 10%. ಪಾಸಾದರೆ ಮೂರು ವರ್ಷ ಚಾಲ್ತಿ. ಶುಲ್ಕ 300 ಡಾಲರ್, ತೆರಿಗೆ ಬೇರೆ. ನಮ್ಮ ದುಡ್ಡಿನಲ್ಲಿ 25,000 ರೂಪಾಯಿ ಸಲೀಸಾಗಿ ದಾಟುತ್ತದೆ. ಇಷ್ಟು ದೊಡ್ಡದು ಬೇಡ ಅನ್ನುವವರಿಗೆ ಸಿಸ್ಕೋದಲ್ಲೇ ಸಿಸಿಎಸ್‌ಟಿ ಅಂತ ಇದೆ. 50 ನಿಮಿಷದ ಪರೀಕ್ಷೆ, ಶುಲ್ಕವೂ ಅರ್ಧಕ್ಕಿಂತ ಕಮ್ಮಿ. ಪಿಯುಸಿ ಮುಗಿಸಿದ ಮಕ್ಕಳಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ.

ಓದಲು ಮಾತ್ರ ಜಾಸ್ತಿ ಖರ್ಚಿಲ್ಲ. ಸಿಸ್ಕೋದ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ಮಾಡಿದರೆ ಪ್ಯಾಕೆಟ್ ಟ್ರೇಸರ್ ಉಚಿತ. ಅದರಲ್ಲಿ ರೌಟರ್, ಸ್ವಿಚ್ಚು, ಕೇಬಲ್ಲು ಎಲ್ಲ ಪರದೆಯ ಮೇಲೇ ಜೋಡಿಸಿ ಕಮಾಂಡ್ ಹೊಡೆಯಬಹುದು. 4 ಜಿಬಿ ರ‍್ಯಾಮ್ ಇರುವ ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಮ್ಮೂರಲ್ಲಿ ಜೂನ್ ಬಂದರೆ ನೆಟ್ಟೂ ಇಲ್ಲ, ಕರೆಂಟೂ ಇಲ್ಲ. ಹಾಗಾಗಿ ವಿಡಿಯೊಗಳನ್ನು ಶಿವಮೊಗ್ಗದ ರೂಮಿನಲ್ಲೇ ನೋಡಿ ಮುಗಿಸುತ್ತೇನೆ. ಊರಿಗೆ ಹೋದಾಗ ಲ್ಯಾಬ್ ಮತ್ತು ಲೆಕ್ಕ. ನೋಟ್ಸ್ ಎಲ್ಲ ಕನ್ನಡದಲ್ಲೇ ಬರೆಯುತ್ತೇನೆ. ಪರೀಕ್ಷೆ ಇಂಗ್ಲಿಷಿನದ್ದು, ಸರಿ. ಆದರೆ ತಲೆಗೆ ಹೋಗುವುದು ನಮ್ಮ ಮಾತಿನಲ್ಲಿ ಬರೆದಾಗಲೇ.

ಲೆಕ್ಕ ಅಂದರೆ ಸಬ್‌ನೆಟ್ಟಿಂಗ್, ಒಂದು ನೆಟ್‌ವರ್ಕಿನ ಅಡ್ರೆಸ್‌ಗಳನ್ನು ಪಾಲು ಮಾಡುವುದು. ತುಂಬಾ ಜನ ಇಲ್ಲೇ ಕೈಚೆಲ್ಲುತ್ತಾರೆ. ಒಂದು ದಿನ ಊರಲ್ಲಿ ಕರೆಂಟ್ ಹೋಗಿತ್ತು. ಅಪ್ಪಯ್ಯನ ಹಳೇ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮಾಡುತ್ತಾ ಕೂತಿದ್ದೆ. 192.168.10.0 ನೆಟ್‌ವರ್ಕ್, ಒಟ್ಟು 256 ಅಡ್ರೆಸ್. ಆಫೀಸಿಗೆ 50 ಬೇಕು, ಕ್ಯಾಮೆರಾಕ್ಕೆ 25, ಬಿಲ್ಲಿಂಗ್‌ಗೆ 10, ಆಫೀಸು-ಗೋದಾಮಿನ ನಡುವಿನ ಲಿಂಕಿಗೆ 2. ಅಪ್ಪಯ್ಯ ಪಕ್ಕದಲ್ಲಿ ಕೂತು ನೋಡಿದರು.

"ಎಂತ ಮಗಾ ಇದು, ಹಿಸ್ಸೆ ಮಾಡಿದ ಹಂಗಿದೆ?"

"ಹಿಸ್ಸೆನೇ ಅಪ್ಪಯ್ಯ."

"ಹಂಗಾದ್ರೆ ದೊಡ್ಡ ಪಾಲು ಮೊದ್ಲು ಅಳಿ. ಸಣ್ಣವ್ರಿಗೆ ಅಲ್ಲೊಂದು ಇಲ್ಲೊಂದು ಕೊಟ್ಟು ಕೂತ್ರೆ ದೊಡ್ಡ ಪಾಲಿಗೆ ಒಂದೇ ಕಡೆ ಜಾಗ ಸಿಗೂದಿಲ್ಲ."

ನಿಯಮ ಇರುವುದೇ ಹಾಗೆ. ಪುಸ್ತಕದಲ್ಲಿ ವಿಎಲ್‌ಎಸ್‌ಎಂ ಅಂತ ಒಂದು ಅಧ್ಯಾಯ ಪೂರ್ತಿ ಇದನ್ನು ಹೇಳುತ್ತದೆ. ಪಾಲಿನ ಅಳತೆ ಯಾವಾಗಲೂ 4, 8, 16, 32, 64 ಹೀಗೆ ಇಮ್ಮಡಿಯಾಗಿಯೇ ಇರಬೇಕು. ಪ್ರತಿ ಪಾಲಿನ ಮೊದಲ ಅಡ್ರೆಸ್ ನೆಟ್‌ವರ್ಕಿನ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ. ಈ ಎರಡು ಯಾವ ಮೆಷಿನ್ನಿಗೂ ಸಿಗುವುದಿಲ್ಲ. 50 ಬೇಕಾದರೆ 64ರ ಪಾಲು, ಅಂದರೆ /26 (ಅಡ್ರೆಸ್ಸಿನ 32 ಬಿಟ್‌ಗಳಲ್ಲಿ ಮೊದಲ 26 ನೆಟ್‌ವರ್ಕಿಗೆ, ಉಳಿದದ್ದು ಮೆಷಿನ್ನುಗಳಿಗೆ). ಅದು 0ಯಿಂದ 63ರವರೆಗೆ, ಬಳಸಲು ಸಿಗುವುದು 62. ಕ್ಯಾಮೆರಾಕ್ಕೆ /27, 64ರಿಂದ 95. ಬಿಲ್ಲಿಂಗಿಗೆ /28, 96ರಿಂದ 111. ಲಿಂಕಿಗೆ /30, 112ರಿಂದ 115, ಬಳಸಲು ಸಿಗುವುದು ಸರಿಯಾಗಿ ಎರಡು. 116ರಿಂದ ಮುಂದಿನದ್ದೆಲ್ಲ ಖಾಲಿ, ನಾಳೆ ಬೇಕಾದಾಗ ಇದೆ. ಕ್ಯಾಲ್ಕುಲೇಟರ್ ಮುಟ್ಟದೆ ಇದನ್ನು ಒಂದು ನಿಮಿಷದೊಳಗೆ ಮಾಡುವಷ್ಟು ರೂಢಿಯಾಗಬೇಕು. ಪರೀಕ್ಷೆಯಲ್ಲಿ ಸಮಯ ಉಳಿಯುವುದು ಇಲ್ಲೇ.

ಲ್ಯಾಬ್ ಅಭ್ಯಾಸಕ್ಕೆ ನನಗೆ ಸಿಕ್ಕ ಒಳ್ಳೆಯ ಜೊತೆಗಾರ ನನ್ನ ತಮ್ಮ. ಅವನು ಸೆಕೆಂಡ್ ಪಿಯುಸಿ. ನೆಟ್‌ವರ್ಕಿಂಗ್ ಓದಿದವನಲ್ಲ, ಆದರೆ ನಾನು ಹೇಳಿಕೊಟ್ಟ ಕಮಾಂಡುಗಳನ್ನು ಹೊಡೆಯುತ್ತಾನೆ. ನಾನು ಮೂರು ರೌಟರ್ ಇಟ್ಟು ಓಎಸ್‌ಪಿಎಫ್ (ರೌಟರ್‌ಗಳು ಒಂದಕ್ಕೊಂದು ದಾರಿ ತಿಳಿಸುವ ವಿಧಾನ) ನಡೆಯುವ ಹಾಗೆ ಮಾಡಿ ಎದ್ದು ಹೋಗುತ್ತೇನೆ. ಅವನು ಎಲ್ಲಾದರೂ ಒಂದು ಕಡೆ ಕೆಡಿಸುತ್ತಾನೆ. "ಅಕ್ಕಾ, ಬಾ, ಈಗ ಹುಡುಕು ನೋಡಣ." ಒಮ್ಮೆ ಎಲ್ಲ ಸರಿ ಇದೆ, ಪಿಂಗ್ (ತಲುಪುತ್ತದಾ ಅಂತ ನೋಡುವ ಸಂದೇಶ) ಪಕ್ಕದ ರೌಟರಿಗೆ ಹೋಗುತ್ತದೆ, ಆದರೆ ನೆರೆಯವರ ಪಟ್ಟಿಯಲ್ಲಿ ಅದರ ಹೆಸರೇ ಬರುತ್ತಿಲ್ಲ. ಏರಿಯಾ ಒಂದೇ. ಸಬ್‌ನೆಟ್ ಒಂದೇ. ಇಂಟರ್‌ಫೇಸಿನ ವಿವರ ತೆಗೆದಾಗ ಸಿಕ್ಕಿತು: ಒಂದು ಕಡೆ ಹೆಲೋ ಟೈಮರ್ (ನಾನಿದ್ದೇನೆ ಅಂತ ಎಷ್ಟು ಹೊತ್ತಿಗೊಮ್ಮೆ ಹೇಳಬೇಕು ಅನ್ನುವುದು) 10 ಸೆಕೆಂಡ್, ಇನ್ನೊಂದು ಕಡೆ 15 ಮಾಡಿಟ್ಟಿದ್ದ. ಹೆಲೋ ಮತ್ತು ಡೆಡ್ ಟೈಮರ್ (ಎಷ್ಟು ಹೊತ್ತು ಸುದ್ದಿಯಿಲ್ಲದಿದ್ದರೆ ನೆರೆಯವನಿಲ್ಲ ಅನ್ನುವ ಲೆಕ್ಕ) ಎರಡೂ ಕಡೆ ಒಂದೇ ಇರದಿದ್ದರೆ ಓಎಸ್‌ಪಿಎಫ್ ನೆರೆತನ ಕಟ್ಟುವುದೇ ಇಲ್ಲ. ಓದಿ ನೆನಪಿಟ್ಟದ್ದು ಮರೆತು ಹೋಗುತ್ತದೆ. ಹೀಗೆ ಹುಡುಕಿ ಹಿಡಿದದ್ದು ಮರೆಯುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೆಲವು ಕೋಚಿಂಗ್ ಸೆಂಟರ್‌ಗಳಲ್ಲಿ ಪಾಠ ಅಂದರೆ ಡಂಪ್ಸ್. ಕದ್ದ ಪ್ರಶ್ನೆಗಳ ಪಿಡಿಎಫ್ ಕೊಟ್ಟು ಉತ್ತರ ಬಾಯಿಪಾಠ ಮಾಡಿಸುತ್ತಾರೆ. ನಾನು ಡೆಮೊ ಕ್ಲಾಸಿಗೆ ಹೋದ ಒಂದು ಕಡೆ ರೌಟರ್ ಇರಲಿ, ಪ್ಯಾಕೆಟ್ ಟ್ರೇಸರ್ ಕೂಡ ತೆರೆಯಲಿಲ್ಲ. ಸಿಕ್ಕಿಬಿದ್ದರೆ ಸಿಸ್ಕೋ ಸರ್ಟಿಫಿಕೇಟ್ ರದ್ದು ಮಾಡಬಹುದು, ಮುಂದೆ ಪರೀಕ್ಷೆಗೇ ಕೂರದ ಹಾಗೆ ಮಾಡಬಹುದು. ಅದು ಒಂದು ಮಾತು. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಒಬ್ಬ ರೈತ ಸಾಲ ಮಾಡಿ ಮಗನನ್ನು ಕಳಿಸಿರುತ್ತಾನೆ. ಆ ಹುಡುಗ ಪಾಸಾಗಿಯೂ ಒಂದು ಸ್ವಿಚ್ಚಿನ ಮುಂದೆ ನಿಂತರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರುವುದಿಲ್ಲ. ಆ ದುಡ್ಡು, ಆ ವಯಸ್ಸು ಯಾರು ವಾಪಸ್ ಕೊಡುತ್ತಾರೆ?

ಕೆಳಗಿನಿಂದ ಶುರು ಮಾಡಬೇಕು. ಏಳು ಲೇಯರ್‌ಗಳ ಪಾಠವನ್ನು ಎಲ್ಲರೂ ಉರು ಹೊಡೆಯುತ್ತಾರೆ, ಅದರ ನಿಜವಾದ ಉಪಯೋಗ ಈ ಕ್ರಮ. ಮೊದಲು ಕೇಬಲ್, ಲೈಟು. ಆಮೇಲೆ ಸ್ವಿಚ್ಚು, ವಿಲ್ಯಾನ್. ಆಮೇಲೆ ಐಪಿ, ಗೇಟ್‌ವೇ. ಸಾಫ್ಟ್‌ವೇರ್ ಕೊನೆಗೆ. ಮಲೆನಾಡಿನಲ್ಲಂತೂ ಮೊದಲ ಲೇಯರ್‌ನಲ್ಲೇ ಅರ್ಧ ಕೆಲಸ. ತಂತಿ ಮೇಲೆ ಮರದ ಕೊಂಬೆ ಬೀಳುತ್ತದೆ, ಮಂಗಗಳು ಜೋತಾಡುತ್ತವೆ, ಇಲಿ ಕಡಿಯುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬಂತೆಂದರೆ ಇನ್ನೊಂದು ಪಾಡು. ಎರಡು ಕಟ್ಟಡದ ನಡುವೆ ತಾಮ್ರದ ಕೇಬಲ್ ಎಳೆದಿದ್ದರೆ, ಹತ್ತಿರ ಸಿಡಿಲು ಬಡಿದಾಗ ಅದರ ಹೊಡೆತ ಆ ಕೇಬಲ್ಲಿನಲ್ಲೇ ಒಳಗೆ ಬಂದು ಸ್ವಿಚ್ಚಿನ ಪೋರ್ಟುಗಳನ್ನು ಸಾಲಾಗಿ ಸುಡುತ್ತದೆ. ತಾಮ್ರಕ್ಕೆ 100 ಮೀಟರ್ ಮಿತಿ ಅಂತ ಪುಸ್ತಕ ಹೇಳುತ್ತದೆ. ಇಲ್ಲಿ ಮೂವತ್ತು ಮೀಟರ್ ಆದರೂ ಕಟ್ಟಡ ಬೇರೆಯಾದರೆ ಫೈಬರ್ ಹಾಕಿಸಿ ಅಂತ ನಾನು ಹೇಳುತ್ತೇನೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಹೊರಗಿನ ಕವಚದಲ್ಲಿ ಲೋಹದ ತಂತಿ ಇಲ್ಲದ ಕೇಬಲ್ ಕೇಳಿ ತಗೊಳ್ಳಬೇಕು, ಅಷ್ಟೇ.

ನನಗೆ ಈಗ ಉಳಿದಿರುವುದು ಆಟೊಮೇಷನ್ ಭಾಗ. ಜೇಸನ್ (ಮಾಹಿತಿ ಬರೆದಿಡುವ ಒಂದು ಮಾದರಿ) ಓದುವುದು ಬಂತು, ಆನ್ಸಿಬಲ್ (ತುಂಬಾ ಉಪಕರಣಗಳನ್ನು ಒಟ್ಟಿಗೆ ಸೆಟ್ ಮಾಡುವ ಸಾಫ್ಟ್‌ವೇರ್) ಇನ್ನೂ ಗಟ್ಟಿಯಾಗಿಲ್ಲ. ಪರೀಕ್ಷೆಯನ್ನು ಮನೆಯಿಂದಲೇ ವೆಬ್‌ಕ್ಯಾಮ್ ಮುಂದೆ ಕೂತು ಬರೆಯಬಹುದು. ಆದರೆ ನಮ್ಮ ಕರೆಂಟನ್ನು ನಂಬಿ ಅಷ್ಟು ದುಡ್ಡು ಕಟ್ಟಲು ನನಗೆ ಧೈರ್ಯವಿಲ್ಲ. ರಾತ್ರಿ ರೈಲು ಹತ್ತಿ ಬೆಂಗಳೂರಿನ ಸೆಂಟರಿನಲ್ಲಿ ಬರೆದು ಬರುತ್ತೇನೆ. ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಶುಲ್ಕಕ್ಕೆ ಅರ್ಧ ತಾನು ಹಾಕುತ್ತೇನೆ ಅಂತ ಅಪ್ಪಯ್ಯ ಹೇಳಿದ್ದಾರೆ. ಹಾಗಾಗಿ ಫೆಬ್ರವರಿಗೆ ತಾರೀಖು ಹಿಡಿಯಬೇಕು. ಅಷ್ಟರೊಳಗೆ ನ್ಯಾಟ್ (ಒಳಗಿನ ಅಡ್ರೆಸ್ಸನ್ನು ಹೊರಗಿನದಕ್ಕೆ ಬದಲಿಸುವುದು) ಮತ್ತು ಎಸಿಎಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಪಟ್ಟಿ) ಲ್ಯಾಬ್‌ಗಳನ್ನು ಇನ್ನೊಂದು ಸುತ್ತು ಮಾಡುವುದಿದೆ. ಈ ಸಲ ಒಂದರ ಬದಲು ಎರಡು ಕಡೆ ಕೆಡಿಸು ಅಂತ ತಮ್ಮನಿಗೆ ಹೇಳಿಟ್ಟಿದ್ದೇನೆ.