ಮೂರು ಅಕ್ಷರ, ಹತ್ತು ಚೌಕ

ಮೂರು ದಿನದಿಂದ ಒಂದೇ ಟೆಸ್ಟ್ ಫೇಲ್ ಆಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಸರ್ವರ್‌ನಲ್ಲಿ ನಮ್ಮ ಟೆಸ್ಟ್‌ಗಳೆಲ್ಲ, ಅಂದರೆ ವೆಬ್‌ಸೈಟ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷಿಸುವ ಪ್ರೋಗ್ರಾಂಗಳು, ತಾವಾಗಿ ಓಡುತ್ತವೆ. ಬೆಳಿಗ್ಗೆ ಕಾಫಿ ಪಕ್ಕಕ್ಕಿಟ್ಟುಕೊಂಡು ನೋಡಿದರೆ ಇನ್ನೂರಕ್ಕೂ ಜಾಸ್ತಿ ಹಸಿರು ಸಾಲುಗಳ ನಡುವೆ ಅದೊಂದು ಕೆಂಪು. ಅದನ್ನೇ ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ಸಲ ಓಡಿಸಿದೆ. ಹತ್ತು ಸಲವೂ ಪಾಸ್.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ವೆಬ್‌ಸೈಟ್ ಅದು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ. ಇಂಗ್ಲಿಷ್ ಪುಟಕ್ಕೆ ತೊಂದರೆಯಿಲ್ಲ. ಕನ್ನಡ ಪುಟದಲ್ಲಿ ಎಲ್ಲ ತುಂಬಿ ಕೊನೆಗೆ ‘ಅರ್ಜಿ ಸಲ್ಲಿಸಿ’ ಬಟನ್ ಒತ್ತುವಾಗ ಟೆಸ್ಟ್ ಬೀಳುತ್ತಿತ್ತು. ಮನುಷ್ಯರ ಬದಲು ಬ್ರೌಸರ್ ನಡೆಸುವ ಸಾಧನ ಸೆಲೆನಿಯಂ. ಲಾಗ್‌ನಲ್ಲಿ, ಅಂದರೆ ಟೆಸ್ಟ್ ಓಡಿದ ದಾಖಲೆಯಲ್ಲಿ, ಅದು ಬರೆದಿದ್ದು ‘ಎಲಿಮೆಂಟ್ ಕ್ಲಿಕ್ ಇಂಟರ್‌ಸೆಪ್ಟೆಡ್’ ಅಂತ. ಅಂದರೆ ಬಟನ್ ಸಿಕ್ಕಿದೆ, ಒತ್ತಬೇಕಾದ ಜಾಗದಲ್ಲಿ ಮಾತ್ರ ಇನ್ನೇನೋ ಅಡ್ಡ ಬಂದಿದೆ. ಅಡ್ಡ ಬಂದದ್ದು ಒಂದು ಡಿವ್ (ಪುಟದ ಒಂದು ಭಾಗವನ್ನು ಸುತ್ತುವರಿಯುವ ಡಬ್ಬ) ಅಂತಲೂ ಇತ್ತು. ನೂರಾರು ಡಿವ್ ಇರುವ ಪುಟದಲ್ಲಿ ಅದು ಯಾವುದು?

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ. ಪುಟ ಲೋಡ್ ಆಗುವುದು ತಡವಾಗಿರಬಹುದು ಅಂತ ಕ್ಲಿಕ್‌ಗೆ ಮುಂಚೆ 5 ಸೆಕೆಂಡ್ ಕಾಯಿಸಿದೆ. ಮಾರನೇ ದಿನ 10 ಸೆಕೆಂಡ್. ಏನೂ ಬದಲಾಗಲಿಲ್ಲ. ಕಾರಣ ಗೊತ್ತಿಲ್ಲದೆ ಕಾಯಿಸುವುದು ಕೆಟ್ಟ ಅಭ್ಯಾಸ, ಅದು ಟೆಸ್ಟನ್ನು ನಿಧಾನ ಮಾಡುತ್ತದೆ ಅಷ್ಟೇ.

ಆಮೇಲೆ ಸ್ಕ್ರೀನ್‌ಶಾಟ್ ತೆಗೆಸೋಣ ಅನ್ನಿಸಿತು. ಸೆಲೆನಿಯಂನಲ್ಲಿ ಅದಕ್ಕೆ ಒಂದೇ ಸಾಲು ಸಾಕು. ಆದರೆ ಆ ಸಾಲನ್ನು ಟೆಸ್ಟ್ ಮುಗಿದ ಮೇಲಿನ ಸ್ವಚ್ಛತೆಯ ಭಾಗದಲ್ಲಿ, ಲಾಗೌಟ್ ಆದ ನಂತರ ಬರೆದುಬಿಟ್ಟಿದ್ದೆ. ಬೆಳಿಗ್ಗೆ ಸಿಕ್ಕಿದ ಚಿತ್ರದಲ್ಲಿ ಲಾಗಿನ್ ಪುಟ! ಫಾರಂ ತುಂಬುವಾಗ ಲಾಗಿನ್ ಪುಟ ಯಾಕೆ ಬಂತು ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಚಿತ್ರ ಸುಳ್ಳು ಹೇಳಿರಲಿಲ್ಲ, ಅದು ಬೇರೆ ಹೊತ್ತಿನ ಚಿತ್ರ. ಟೆಸ್ಟ್ ಬಿದ್ದ ಕ್ಷಣದಲ್ಲೇ, ಬೇರೇನೂ ನಡೆಯುವ ಮುಂಚೆ ತೆಗೆಯುವ ಹಾಗೆ ಬದಲಾಯಿಸಿದೆ. ಫೈಲ್ ಹೆಸರಿಗೆ ಟೆಸ್ಟ್‌ನ ಹೆಸರು, ಸಮಯ ಎರಡನ್ನೂ ಸೇರಿಸಿದೆ. ಇಲ್ಲದಿದ್ದರೆ ಒಂದರ ಮೇಲೊಂದು ಬರೆದುಕೊಂಡು ಕೊನೆಯದೊಂದೇ ಉಳಿಯುತ್ತದೆ. ರಾತ್ರಿಯವರೆಗೆ ಕಾಯದೆ ಆಗಲೇ ಸರ್ವರ್‌ನಲ್ಲಿ ಓಡಿಸಿದೆ.

ಈ ಸಲದ ಚಿತ್ರ ತೆರೆದಾಗ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಪುಟದಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಅಕ್ಷರ ಇರಬೇಕಾದ ಕಡೆಯೆಲ್ಲ ಸಾಲು ಸಾಲು ಖಾಲಿ ಚೌಕ. ಕೆಳಗಡೆ ‘ಕುಕೀ ಒಪ್ಪಿಗೆ’ಯ ಹಳದಿ ಪಟ್ಟಿ. ಅದರ ಮೇಲಂಚಿನಿಂದ ನಮ್ಮ ಬಟನ್ನಿನ ನೀಲಿ ಬಣ್ಣ ಸಣ್ಣ ಗೆರೆಯ ಹಾಗೆ ಇಣುಕುತ್ತಿತ್ತು.

ಜೂಮ್ ಮಾಡಿ ಚೌಕಗಳನ್ನು ಎಣಿಸಿದೆ. ‘ವಿದ್ಯಾರ್ಥಿ’ ಅನ್ನುವ ಪದದ ಜಾಗದಲ್ಲಿ ಹತ್ತು. ನಮ್ಮ ಕಣ್ಣಿಗೆ ಅದು ಮೂರೇ ಅಕ್ಷರ, ವಿ, ದ್ಯಾ, ರ್ಥಿ. ಕಂಪ್ಯೂಟರ್ ಮಾತ್ರ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ, ವ, ಇಕಾರದ ಗುಣಿತ, ದ, ಹಲಂತ, ಯ, ದೀರ್ಘ ಹೀಗೆ ಹತ್ತು ತುಣುಕಾಗಿ ಇಟ್ಟುಕೊಂಡಿರುತ್ತದೆ. ಅವನ್ನು ಒತ್ತಕ್ಷರ, ಗುಣಿತ ಮಾಡಿ ಜೋಡಿಸಲು ಕನ್ನಡದ ಫಾಂಟ್ ಬೇಕು. ಫಾಂಟ್ ಇಲ್ಲದಿದ್ದರೆ ತುಣುಕಿಗೊಂದು ಚೌಕ. ಈ ಚೌಕಗಳಿಗೆ ‘ಟೋಫು’ ಅನ್ನುತ್ತಾರೆ. ಗೂಗಲ್‌ನ ‘ನೋಟೋ’ ಫಾಂಟ್‌ಗಳಿಗೆ ಆ ಹೆಸರು ಬಂದದ್ದೇ ‘ನೋ ಟೋಫು’ ಅನ್ನುವುದರಿಂದ.

ಅಲ್ಲಿಂದ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಂಡಿತು. ನಾವು ಬಳಸುತ್ತಿದ್ದ ಹೆಡ್‌ಲೆಸ್ ಕ್ರೋಮ್ (ಪರದೆಯ ಮೇಲೆ ಕಾಣಿಸದೆ ಓಡುವ ಕ್ರೋಮ್ ಬ್ರೌಸರ್), ಅಳತೆ ಹೇಳದಿದ್ದರೆ 800 × 600ರ ಕಿಟಕಿ ತೆರೆಯುತ್ತದೆ. ಮೂರರ ಜಾಗದಲ್ಲಿ ಹತ್ತು ಬಂದರೆ ಸಾಲು ಮುರಿದು ಎರಡಾಗುತ್ತದೆ, ಮೂರಾಗುತ್ತದೆ. ಹಾಗೆ ಪುಟ ಉದ್ದವಾಗಿ ಬಟನ್ ಕಿಟಕಿಯಿಂದ ಆಚೆ ಕೆಳಕ್ಕೆ ಹೋಯಿತು. ಒತ್ತುವ ಮುಂಚೆ ಸೆಲೆನಿಯಂ ಪುಟವನ್ನು ಸರಿಸಿ ಬಟನ್ನನ್ನು ಕಿಟಕಿಯ ತಳಕ್ಕೆ ತಂದು ನಿಲ್ಲಿಸುತ್ತದೆ. ತಳದಲ್ಲಿ ಕುಕೀ ಪಟ್ಟಿ ಅಂಟಿಕೊಂಡು ಕೂತಿದೆ. ಕ್ಲಿಕ್ ಅದಕ್ಕೆ ಬಿತ್ತು.

ಸರ್ವರ್ ನೋಡಿಕೊಳ್ಳುವ ಗೆಳೆಯನಿಗೆ ಚಿತ್ರ ತೋರಿಸಿದೆ. “ಅಯ್ಯೋ, ಮೂರು ದಿನದ ಹಿಂದೆ ಡಾಕರ್ ಇಮೇಜ್ ಚಿಕ್ಕದು ಮಾಡೋಣ ಅಂತ ಬದಲಾಯಿಸಿದ್ದೆ ಕಣ್ರೀ. ಅದರಲ್ಲಿ ಫಾಂಟ್‌ಗಳೇ ಇರಲ್ಲ” ಅಂದ. ಟೆಸ್ಟ್ ಓಡಲು ಬೇಕಾದ ಸಾಫ್ಟ್‌ವೇರನ್ನೆಲ್ಲ ಕಟ್ಟಿಟ್ಟ ಗಂಟು ಆ ಇಮೇಜ್. ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್‌ಗಳ ಪ್ಯಾಕೇಜ್ ಇವೆ. ಎರಡನ್ನೂ ಹಾಕಿದ. ಐದು ನಿಮಿಷದ ಕೆಲಸ.

ಟೆಸ್ಟ್ ಹಸಿರಾಯಿತು, ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಕನ್ನಡ ಪುಟದ ಟೆಸ್ಟ್ ಇದೊಂದೇ ಅಲ್ಲ, ಇನ್ನೂ ನಲವತ್ತು ಇವೆ. ಆ ಮೂರೂ ದಿನ ಅವೆಲ್ಲ ಪಾಸ್ ಆಗಿದ್ದವು! ‘ವಿದ್ಯಾರ್ಥಿ ವಿವರ’ ಅಂತ ಶೀರ್ಷಿಕೆ ಇದೆಯಾ ಅಂತ ಟೆಸ್ಟ್ ಕೇಳಿದರೆ ಬ್ರೌಸರ್ ‘ಇದೆ’ ಅಂದಿದೆ. ಪುಟದ ಒಳಗೆ ಆ ಪದ ಇತ್ತು, ನಿಜ. ಕಣ್ಣಿಗೆ ಕಂಡಿದ್ದು ಚೌಕ. ಹಳ್ಳಿಯ ಸೈಬರ್ ಸೆಂಟರಿನಲ್ಲಿ ಕೂತು ಅರ್ಜಿ ತುಂಬುವ ಹುಡುಗಿಗೆ ಹೀಗೆ ಕಂಡರೆ ಅವಳು ಏನು ಮಾಡಬೇಕು? ನನ್ನ ನಲವತ್ತು ಹಸಿರು ಸಾಲುಗಳಿಂದ ಅವಳಿಗೇನು ಉಪಯೋಗ?

ಅವತ್ತಿನಿಂದ ಪಾಸ್ ಆದ ಟೆಸ್ಟ್‌ಗಳದ್ದೂ ಪುಟಕ್ಕೊಂದು ಚಿತ್ರ ತೆಗೆಸುತ್ತೇನೆ. ಎಲ್ಲವನ್ನೂ ದಿನಾ ನೋಡಲು ಆಗುವುದಿಲ್ಲ. ವಾರಕ್ಕೊಮ್ಮೆ ಕನ್ನಡ ಪುಟಗಳನ್ನು ಒಂದೊಂದಾಗಿ ತೆರೆದು ಒತ್ತಕ್ಷರ ಸರಿ ಕೂತಿದೆಯಾ, ಸಾಲು ಕತ್ತರಿಸಿದೆಯಾ ನೋಡುತ್ತೇನೆ.

ಕುಕೀ ಪಟ್ಟಿಯದ್ದೂ ಬಿಡಲಿಲ್ಲ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೂ ಸಾಲು ಮುರಿದು ಬಟನ್ ಹೀಗೇ ಕೆಳಗೆ ಹೋಗುತ್ತದೆ ಅಲ್ವಾ? ನನ್ನ ಫೋನಿನಲ್ಲಿ ಅಕ್ಷರದ ಅಳತೆ ಪೂರ್ತಿ ಏರಿಸಿ ಆ ಪುಟ ತೆರೆದೆ. ಪುಟದ ಕೊನೆಯವರೆಗೆ ಸರಿಸಿದರೂ ಬಟನ್ ಅರ್ಧ ಮುಚ್ಚಿಕೊಂಡೇ ಇತ್ತು. ಸ್ಕ್ರೀನ್‌ಶಾಟ್ ತೆಗೆದು ಇದು ಬಗ್ (ದೋಷ) ಅಂತ ದಾಖಲಿಸಿದೆ. ವಿವರಣೆಯಲ್ಲಿ ಎರಡೇ ಸಾಲು ಬರೆದೆ, ಮಿಕ್ಕಿದ್ದು ಚಿತ್ರದಲ್ಲೇ ಇತ್ತು.