ಉಸಿರಾಡದ ಮೂಗು

"ಮೀನು ಕಿವಿರುಗಳಿಂದ ಉಸಿರಾಡುತ್ತದೆ ಎಂದಮೇಲೆ ಅದಕ್ಕೆ ಮೂಗೇಕೆ? ನೀರಿನೊಳಗೆ ಎಂಥ ವಾಸನೆ?" ಮೀನಿನ ಮಿದುಳಿನ ಬಗ್ಗೆ ಮಾತೆತ್ತಿದಲ್ಲೆಲ್ಲ ನನಗೆ ಎದುರಾಗುವ ಪ್ರಶ್ನೆಯಿದು. ಮುಂದಿನ ಸಲ ಮೀನು ತಂದಾಗ ಅದರ ತಲೆಯನ್ನು ಹತ್ತಿರದಿಂದ ನೋಡಿ. ಕಣ್ಣಿನ ಮುಂದೆ ಎರಡೂ ಬದಿಗೆ ಒಂದೊಂದು ಗುಂಡಿಯಿರುತ್ತದೆ. ಅನೇಕ ಮೀನುಗಳಲ್ಲಿ ನೀರು ಗುಂಡಿಯ ಮುಂದಿನ ರಂಧ್ರದಿಂದ ಒಳಬಂದು ಹಿಂದಿನದರಿಂದ ಹೊರಹೋಗುತ್ತದೆ. ಗಂಟಲಿಗೆ ಅಲ್ಲಿಂದ ದಾರಿಯಿಲ್ಲ. ಗುಂಡಿಯೊಳಗೆ ಹೂವಿನ ಎಸಳುಗಳಂತೆ ಜೋಡಿಸಿದ ಪದರಗಳ ಮೇಲೆ ನರಕೋಶಗಳಿದ್ದು, ನೀರಿನಲ್ಲಿ ಕರಗಿದ ವಸ್ತುಗಳನ್ನು ಅವು ಗುರುತಿಸುತ್ತವೆ. ಆದ್ದರಿಂದ ಈ ಮೂಗಿಗಿರುವುದು ವಾಸನೆಯ ಕೆಲಸವೊಂದೇ.

ಆ ಕೋಶಗಳ ತಂತುಗಳು ಸೇರುವ ಮೊದಲ ಠಾಣೆಯೇ ಘ್ರಾಣಗಡ್ಡೆ. ಸಾಲ್ಮನ್ ಮೀನಿನಲ್ಲಿ ಇದು ಮುಂಮಿದುಳಿಗೆ ಅಂಟಿಕೊಂಡಿರುತ್ತದೆ. ಗೆಂಡೆ ಮೀನಿನಲ್ಲಿ ಮಾತ್ರ ಗಡ್ಡೆ ಮೂಗಿನ ಪಕ್ಕದಲ್ಲೇ ಕುಳಿತು, ಉದ್ದನೆಯ ನರದ ತೊಟ್ಟಿನ ಮೂಲಕ ಮಿದುಳಿಗೆ ಜೋಡಣೆಯಾಗಿರುತ್ತದೆ. ಈ ತೊಟ್ಟು ಸಂಶೋಧಕರಿಗೆ ಒದಗಿಬಂದ ವರವೆಂದೇ ಹೇಳಬೇಕು, ಏಕೆಂದರೆ ಗಡ್ಡೆಯಿಂದ ಹೊರಡುವ ಸುದ್ದಿಯನ್ನು ದಾರಿಯ ನಡುವೆಯೇ ತಡೆದು ನೋಡಬಹುದು.

ಓಸ್ಲೊ ವಿಶ್ವವಿದ್ಯಾಲಯದ ಡೋವಿಂಗ್ ಮತ್ತು ಅವರ ಸಂಗಡಿಗರು ಯುರೋಪಿನ ಕ್ರೂಷಿಯನ್ ಗೆಂಡೆಯಲ್ಲಿ ಹೀಗೆಯೇ ಮಾಡಿದರು. ತೊಟ್ಟಿನ ಹೊರಮಗ್ಗುಲಿನ ತಂತುಗಳನ್ನು ಕತ್ತರಿಸಿದಾಗ ಆಹಾರದ ವಾಸನೆಗೆ ಮೀನು ಓಗೊಡುವುದು ನಿಂತಿತು. ಒಳಮಗ್ಗುಲಿನಲ್ಲಿ ಎರಡು ಕಂತೆಗಳಿದ್ದು, ಒಂದು ಸಂತಾನದ ನಡವಳಿಕೆಗೂ ಇನ್ನೊಂದು ಭಯಕ್ಕೂ ಸಂಬಂಧಿಸಿದವು ಎಂದು ಕಂಡುಬಂತು. ಇಲ್ಲಿ ಭಯವೆಂದರೆ ಸುಮ್ಮನೆ ಬೆದರುವುದಲ್ಲ: ಗಾಯಗೊಂಡ ಮೀನಿನ ಚರ್ಮದಿಂದ ನೀರಿಗೆ ಸೇರುವ ವಸ್ತುವೊಂದು ಸುತ್ತಲಿನ ಮೀನುಗಳನ್ನು ಚದುರಿಸುತ್ತದೆ ಎಂಬುದನ್ನು ಕಾರ್ಲ್ ಫಾನ್ ಫ್ರಿಶ್ 1938ರಲ್ಲೇ ವರದಿ ಮಾಡಿದ್ದರು. ಜೇನುನೊಣಗಳ ನೃತ್ಯದ ಅರ್ಥವನ್ನು ಬಿಡಿಸಿದವರೂ ಇವರೇ.

ಈ ವಿಂಗಡಣೆ ಗಡ್ಡೆಯೊಳಗೇ ಆರಂಭವಾಗಿರುತ್ತದೆ. ಪ್ರಯೋಗಾಲಯಗಳ ಅಚ್ಚುಮೆಚ್ಚಿನದಾದ, ನಮ್ಮ ಉಪಖಂಡದ ತೊರೆಗಳ ಜೀಬ್ರಾ ಮೀನಿನಲ್ಲಿ ಒಂದೊಂದು ಗಡ್ಡೆಯಲ್ಲೂ ಗ್ಲೋಮೆರುಲಸ್ ಎಂಬ ನರತಂತುಗಳ ಸುಮಾರು 140 ಉಂಡೆಗಳಿವೆ. ಆಹಾರದ ಸುಳಿವು ನೀಡುವ ಅಮೈನೊ ಆಮ್ಲಗಳು ಗಡ್ಡೆಯ ಹೊರಪಾರ್ಶ್ವವನ್ನು, ಬೇರೆ ಮೀನುಗಳಿಂದ ಹೊರಬೀಳುವ ಪಿತ್ತರಸದ ಆಮ್ಲಗಳು ಒಳಪಾರ್ಶ್ವವನ್ನು ಎಚ್ಚರಿಸುತ್ತವೆ. ಅಂದರೆ ಮಿದುಳು ಇಲ್ಲಿ ವಾಸನೆಗಳನ್ನು ಜೋಡಿಸಿಟ್ಟಿರುವುದು ಬಹುಮಟ್ಟಿಗೆ ಅವುಗಳಿಂದ ತನಗೇನಾಗಬೇಕು ಎಂಬ ಲೆಕ್ಕದಲ್ಲಿ ಎಂದು ನನಗನ್ನಿಸುತ್ತದೆ.

ಹಾಗಾದರೆ ಮುಂಮಿದುಳಿನಲ್ಲೂ ಇದೇ ನಕ್ಷೆ ಮುಂದುವರಿಯುತ್ತದೆಯೇ? ಇಲ್ಲ. ನಮ್ಮ ಮಿದುಳಿನಲ್ಲಿ ವಾಸನೆಯನ್ನು ಅರಿಯುವ ಹೊರಪದರವಾದ ಘ್ರಾಣ ತೊಗಟೆಗೆ ಸಮನೆಂದು ಎಣಿಸಲಾಗುವ, ಮೀನಿನ ಮುಂಮಿದುಳಿನ ಹಿಂಬದಿಯ ಪ್ರದೇಶದಲ್ಲಿ ಒಂದೇ ವಾಸನೆಗೆ ಅಲ್ಲೊಂದು ಇಲ್ಲೊಂದು ಕೋಶ ಸ್ಪಂದಿಸುತ್ತದೆಯೇ ಹೊರತು, ಆಹಾರಕ್ಕೊಂದು ಮೂಲೆ, ಸಂಗಾತಿಗೊಂದು ಮೂಲೆ ಎಂದು ಗೆರೆ ಎಳೆಯಲಾಗದು. ಇನ್ನೂ ವಿಚಿತ್ರವಾದುದು ಮಿದುಳಿನ ಮೇಲ್ಭಾಗದಲ್ಲಿ ಜೋಡಿಯಾಗಿರುವ ಹಬೆನುಲಾ. ಜೀಬ್ರಾ ಮೀನಿನಲ್ಲಿ ಎಡ ಮತ್ತು ಬಲ, ಎರಡೂ ಗಡ್ಡೆಗಳಿಂದ ಅಲ್ಲಿಗೆ ಹೊರಟ ತಂತುಗಳು ಬಲ ಹಬೆನುಲಾಕ್ಕೆ ಹೋಗಿ ಸೇರುತ್ತವೆ. ಎಡ ಹಬೆನುಲಾ ಹೆಚ್ಚಾಗಿ ಬೆಳಕಿಗೆ ಸ್ಪಂದಿಸುತ್ತಿರುತ್ತದೆ.